ಮಾರ್ಕನ ಸುವಾರ್ತೆಯನ್ನು ಇಡಿಯಾಗಿ ಅಧ್ಯಯನ ಮಾಡುವುದು ಹೇಗೆ?

ಹೊಸ ವರ್ಷದ ಆರಾಧನೆ ಮುಗಿದ ಮೇಲೆ ನಮ್ಮ ಅನೇಕ ಸಭೆಗಳಲ್ಲಿ ವಾಗ್ದಾನದ ಕಾರ್ಡು ಕೊಡುತ್ತಾರೆ. ಯೆರೆಮೀಯ 29:11 ಬಂದವರಿಗೆ ಬಹಳ ಸಂತೋಷ: ದೇವರಲ್ಲಿ ನಮಗಾಗಿ ಇರುವುದು ಹಿತದ ಯೋಚನೆಗಳೇ ಹೊರತು ಕೇಡಿನವಲ್ಲ ಎನ್ನುವ ಮಾತು ಅದು. ಅದರ ಹಿಂದಿನ ವಚನವನ್ನು ಓದಿದವರು ಮಾತ್ರ ಕಡಿಮೆ. ಈ ಮಾತು ಬಂದದ್ದು ಬಾಬೆಲಿಗೆ ಸೆರೆಹೋದ ಜನರಿಗೆ, ಬಿಡುಗಡೆಗೆ 70 ವರ್ಷ ಕಾಯಬೇಕು ಎಂಬ ಸುದ್ದಿಯ ಜೊತೆಗೆ. ಕೇಳಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು ಊರಿಗೆ ಮರಳುವ ಮೊದಲೇ ತೀರಿಹೋಗುವವರು. ಇದು ತಿಳಿದರೆ ವಾಗ್ದಾನ ಚಿಕ್ಕದಾಗುವುದಿಲ್ಲ, ಕಷ್ಟದಲ್ಲಿ ಕೈಹಿಡಿಯುವಷ್ಟು ಗಟ್ಟಿಯಾಗುತ್ತದೆ.

ಬಿಡಿ ವಚನಗಳಿಂದ ಸಮಾಧಾನ ಸಿಗುತ್ತದೆ, ಆದರೆ ಶಿಷ್ಯರು ಬೆಳೆಯಬೇಕಾದರೆ ಒಂದು ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಹಿಡಿದು ಕೂರಬೇಕು. ಹೊಸದಾಗಿ ಶುರು ಮಾಡುವವರಿಗೆ ನಾನು ಮಾರ್ಕನು ಬರೆದ ಸುವಾರ್ತೆಯನ್ನೇ ಹೇಳುತ್ತೇನೆ. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ಶಿಷ್ಯನೆಂದರೆ ಯಾರು ಎಂಬ ಪ್ರಶ್ನೆ ಅದರ ನಟ್ಟನಡುವೆ ಇದೆ.

ಮೊದಲು ಒಂದೇ ಸಲ ಕೂತು, ಗಟ್ಟಿಯಾಗಿ

ಭಾನುವಾರ ಮಧ್ಯಾಹ್ನ ಒಂದೂವರೆ ಎರಡು ಗಂಟೆ ಬಿಡುವು ಮಾಡಿಕೊಳ್ಳಿ. ಕಣ್ಣು ತೆರೆಸು, ನಿನ್ನ ಮಾತಿನ ಅದ್ಭುತಗಳನ್ನು ಕಾಣುವೆನು ಎಂದು ಬೇಡುವ 119ನೇ ಕೀರ್ತನೆಯ 18ನೇ ವಚನವನ್ನೇ ಪ್ರಾರ್ಥನೆ ಮಾಡಿಕೊಂಡು ಇಡೀ ಮಾರ್ಕನನ್ನು ಬಾಯಿಬಿಟ್ಟು ಓದಿ. ಮನೆಯವರು ಜೊತೆಗಿದ್ದರೆ ಸರದಿಯಲ್ಲಿ ಓದಬಹುದು. ಮೊದಲ ಸಭೆಗಳವರಲ್ಲಿ ಬಹುತೇಕರು ಈ ಪುಸ್ತಕವನ್ನು ಕಿವಿಯಿಂದಲೇ ಕೇಳಿದವರು.

ಅಧ್ಯಾಯ ಮುಗಿಯಿತೆಂದು ನಿಲ್ಲಬೇಡಿ. ಈಗಿನ ಅಧ್ಯಾಯ ವಿಭಾಗಗಳು 13ನೇ ಶತಮಾನದವು, ಹೊಸ ಒಡಂಬಡಿಕೆಯ ಈಗಿನ ವಚನ ಸಂಖ್ಯೆಗಳು 1551ರ ಒಂದು ಮುದ್ರಣದಿಂದ ಬಂದವು. ದಪ್ಪಕ್ಷರದ ಶೀರ್ಷಿಕೆಗಳೂ ಸಂಪಾದಕರು ಹಾಕಿದವೇ. ಹುಡುಕಲು ಇವೆಲ್ಲ ಬೇಕು. ಓದುವಾಗ ಇವು ಕಥೆಯನ್ನು ತುಂಡರಿಸುತ್ತವೆ.

ಆಮೇಲೆ ಪೆನ್ಸಿಲ್ ಹಿಡಿಯಿರಿ

ಎರಡನೇ ವಾರದಿಂದ ದಿನಕ್ಕೆ ಒಂದೇ ಘಟನೆ ಸಾಕು. ಯಾರಿದ್ದಾರೆ, ಎಲ್ಲಿ, ಯಾರು ಯಾರನ್ನು ಏನು ಕೇಳಿದರು, ಯಾವ ಮಾತು ಮತ್ತೆ ಮತ್ತೆ ಬಂತು ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ‘ಇದು ನನಗೆ ಏನು ಹೇಳುತ್ತದೆ’ ಎಂಬ ಪ್ರಶ್ನೆ ಈ ಹಂತದಲ್ಲಿ ಬೇಡ. ಅಲ್ಲಿ ಏನಿದೆ ಎಂದು ನೋಡುವ ಮೊದಲೇ ಅದನ್ನು ಕೇಳಿದರೆ, ನಮ್ಮ ಮನಸ್ಸಿನಲ್ಲಿ ಮೊದಲೇ ಇದ್ದದ್ದನ್ನೇ ವಾಕ್ಯದ ಬಾಯಲ್ಲಿ ಹೇಳಿಸಿಬಿಡುತ್ತೇವೆ.

ಒಂದು ಭಾಗವನ್ನು ಇಲ್ಲಿಯೇ ಮಾಡಿ ನೋಡೋಣ: 8:22ರಿಂದ 10:52. ಆರಂಭದಲ್ಲಿ ಬೆತ್ಸಾಯಿದದ ಕುರುಡ. ಯೇಸು ಮೊದಲ ಸಲ ಮುಟ್ಟಿದಾಗ ಅವನಿಗೆ ಮನುಷ್ಯರು ಓಡಾಡುವ ಮರಗಳಂತೆ ಕಾಣುತ್ತಾರೆ, ಎರಡನೇ ಸಲ ಮುಟ್ಟಿದ ಮೇಲೆಯೇ ಎಲ್ಲ ಸ್ಪಷ್ಟ. ಕೊನೆಯಲ್ಲಿ ಯೆರಿಕೋದ ಕುರುಡ ಬಾರ್ತಿಮಾಯ. ಇವರಿಬ್ಬರ ನಡುವೆ ಯೇಸು ತಮ್ಮ ಮರಣವನ್ನೂ ಪುನರುತ್ಥಾನವನ್ನೂ ಮೂರು ಸಲ ಮುಂಚಿತವಾಗಿ ತಿಳಿಸುತ್ತಾರೆ: 8:31, 9:31, 10:33-34. ಈ ಮೂರಕ್ಕೂ ಪೆನ್ಸಿಲಿನಲ್ಲಿ ಗೆರೆ ಎಳೆದು, ಪ್ರತಿಯೊಂದರ ನಂತರ ಶಿಷ್ಯರು ಏನು ಮಾಡುತ್ತಾರೆ ನೋಡಿ.

ಮೊದಲನೆಯದರ ನಂತರ ಪೇತ್ರನು ಯೇಸುವನ್ನೇ ಬದಿಗೆ ಕರೆದು ಗದರಿಸುತ್ತಾನೆ. ಎರಡನೆಯದರ ನಂತರ ಶಿಷ್ಯರು ದಾರಿಯುದ್ದಕ್ಕೂ ವಾದಿಸಿದ್ದು ತಮ್ಮಲ್ಲಿ ದೊಡ್ಡವನು ಯಾರು ಎಂದು. ಮೂರನೆಯದರ ಬೆನ್ನಿಗೇ ಯಾಕೋಬನೂ ಯೋಹಾನನೂ ಮಹಿಮೆಯಲ್ಲಿ ಎಡಬಲದ ಆಸನ ಕೇಳುತ್ತಾರೆ. ಮೂರು ಸಲವೂ ಯೇಸು ಕೈಬಿಡದೆ ಕೂರಿಸಿ ಕಲಿಸುತ್ತಾರೆ: ತನ್ನನ್ನು ನಿರಾಕರಿಸಿ ಶಿಲುಬೆ ಹೊತ್ತು ಬರಲಿ, ಮೊದಲಿಗನಾಗಬೇಕೆನ್ನುವವನು ಎಲ್ಲರಿಗೂ ಸೇವಕನಾಗಲಿ, ಮನುಷ್ಯಕುಮಾರನು (ಯೇಸು ತಮ್ಮನ್ನೇ ಹೀಗೆ ಕರೆಯುತ್ತಾರೆ) ಬಂದದ್ದು ಸೇವೆ ಮಾಡಿಸಿಕೊಳ್ಳಲಿಕ್ಕಲ್ಲ.

ಇನ್ನೊಂದು ಸೂಕ್ಷ್ಮ. ‘ನಾನು ನಿಮಗೆ ಏನು ಮಾಡಬೇಕು’ ಎಂದು ಯೇಸು 10:36ರಲ್ಲಿ ಆ ಇಬ್ಬರು ಸಹೋದರರನ್ನು ಕೇಳುತ್ತಾರೆ. ಹೆಚ್ಚುಕಡಿಮೆ ಅದೇ ಪ್ರಶ್ನೆ 10:51ರಲ್ಲಿ ಬಾರ್ತಿಮಾಯನಿಗೂ ಬರುತ್ತದೆ. ಹತ್ತಿರವೇ ಇದ್ದವರು ಕೇಳಿದ್ದು ಆಸನ. ರಸ್ತೆ ಬದಿಯ ಭಿಕ್ಷುಕ ಕೇಳಿದ್ದು ಕಣ್ಣು. ಕಣ್ಣು ಬಂದ ಕೂಡಲೇ ಅವನು ಯೇಸುವಿನ ಹಿಂದೆ ದಾರಿ ಹಿಡಿಯುತ್ತಾನೆ. ಬೆತ್ಸಾಯಿದದವನ ಅರೆಬರೆ ನೋಟದಲ್ಲಿ ನನಗೆ ಕಾಣುವುದು ಪೇತ್ರನೇ: ಯೇಸು ಕ್ರಿಸ್ತನೆಂದು ಅವನಿಗೆ ಗೊತ್ತಾಗಿದೆ, ಕ್ರಿಸ್ತನಿಗೆ ಶಿಲುಬೆ ಯಾಕೆಂದು ಇನ್ನೂ ಕಂಡಿಲ್ಲ. ಎರಡನೇ ಸ್ಪರ್ಶ ಬೇಕಾದವರಲ್ಲಿ ನಾವೂ ಇದ್ದೇವೆ. ಬಿಡಿ ವಚನ ಓದಿದ್ದರೆ ಈ ಜೋಡಣೆ ಎಂದೂ ಕಣ್ಣಿಗೆ ಬೀಳುತ್ತಿರಲಿಲ್ಲ.

ಆ ಕಾಲ, ಆ ನೆಲ

ಬೈಬಲಿನ ಹಿಂಭಾಗದ ನಕ್ಷೆ ತೆರೆದಿಡಿ. ಬಾರ್ತಿಮಾಯ ಹಿಡಿದ ದಾರಿ ಯೆರೂಸಲೇಮಿನದು. ಸಮುದ್ರಮಟ್ಟಕ್ಕಿಂತ ಕೆಳಗಿರುವ ಯೆರಿಕೋದಿಂದ ಅಲ್ಲಿಗೆ ಸುಮಾರು 1,000 ಮೀಟರ್ ಏರು, ಮೇಲೆ ಕಾದಿರುವುದು ಶಿಲುಬೆ. ‘ಶಿಲುಬೆ ಹೊರು’ ಎಂಬುದನ್ನು ಸೊಂಟನೋವಿಗೋ ಜಗಳಗಂಟ ನೆಂಟರಿಗೋ ಅನ್ವಯಿಸುವವರಿದ್ದಾರೆ. ರೋಮಿನ ಆಳ್ವಿಕೆಯಲ್ಲಿ ಶಿಲುಬೆ ಹೊತ್ತವನು ಎಲ್ಲರೆದುರು ಅವಮಾನಪಟ್ಟು ಸಾಯಲು ಹೊರಟವನು. ಮೊದಲ ಕೇಳುಗರಿಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಬೈಬಲಿನ ಪುಟದ ಅಡಿಯಲ್ಲಿ ಕೊಟ್ಟಿರುವ ಹಳೆಯ ಒಡಂಬಡಿಕೆಯ ಉಲ್ಲೇಖಗಳನ್ನು ತಪ್ಪದೆ ತೆರೆದು ನೋಡಿ. ‘ಮನುಷ್ಯಕುಮಾರ’ ಎಂದಾಗ ದಾನಿಯೇಲ 7, ಶಿಲುಬೆಯ ಮೇಲಿನ ಕೂಗು ಬಂದಾಗ 22ನೇ ಕೀರ್ತನೆ. ಇಡೀ ಕೀರ್ತನೆ ಓದಿ. ಕೈಬಿಟ್ಟೆ ಯಾಕೆ ಎಂದು ಶುರುವಾಗುವ ಅದು ಸ್ತೋತ್ರದಲ್ಲಿ ಮುಗಿಯುತ್ತದೆ. ಒಂದು ಮಾತು ತೊಡಕೆನಿಸಿದರೆ ಮೊಬೈಲ್ ಆ್ಯಪಿನಲ್ಲಿ ಇನ್ನೊಂದು ಕನ್ನಡ ಅನುವಾದ ನೋಡಿ. ವ್ಯಾಖ್ಯಾನದ ಪುಸ್ತಕಗಳು, ಯೂಟ್ಯೂಬ್ ಪ್ರಸಂಗಗಳು ಇವೆಲ್ಲ ಆದಮೇಲೆ ಬರಲಿ. 16:9ರಿಂದ ಮುಂದಿನ ಭಾಗ ಅತಿ ಹಳೆಯ ಕೆಲವು ಹಸ್ತಪ್ರತಿಗಳಲ್ಲಿ ಇಲ್ಲ ಎಂಬುದು ಗೊತ್ತಾದಾಗ ಗಾಬರಿಯಾಗಬೇಡಿ, ಸಭಾಪಾಲಕರ ಬಳಿ ಕೂತು ಕೇಳಿ.

ವಿಧೇಯತೆಯೂ ಅಧ್ಯಯನವೇ

ಈಗ ‘ಇದು ನನಗೆ ಏನು ಹೇಳುತ್ತದೆ’ ಎಂಬ ಪ್ರಶ್ನೆಗೆ ಬನ್ನಿ. ‘ಇನ್ನೂ ಹೆಚ್ಚು ಪ್ರೀತಿಸಬೇಕು’ ಎಂದು ಬರೆದರೆ ಏನೂ ಆಗುವುದಿಲ್ಲ. ಯಾರನ್ನು, ಯಾವತ್ತು, ಹೇಗೆ ಎಂದು ಬರೆಯಿರಿ. 10:43-45 ಓದಿದ ವಾರ ಪ್ರೀತಿಭೋಜನ ಮುಗಿದ ಮೇಲೆ ಪಾತ್ರೆ ತೊಳೆಯಲು ನಿಲ್ಲುವುದು, ಮನೆಗೆಲಸಕ್ಕೆ ಬರುವ ಅಕ್ಕನ ಜೊತೆ ಮಾತಾಡುವ ದನಿ ಬದಲಿಸುವುದು, ಸಭೆಯ ಕಮಿಟಿಯ ಕುರ್ಚಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದು. ಮುಂದಿನ ವಾರ ಅದೇ ಪುಟ ತೆರೆದು, ಮಾಡಿದಿರೋ ಇಲ್ಲವೋ ನೋಡಿ. ಮಾಡದೇ ಹೋಗಿದ್ದರೆ ಮುಂದಕ್ಕೆ ಓಡಬೇಡಿ. ಅದನ್ನೇ ದೇವರ ಮುಂದಿಟ್ಟು ಇನ್ನೊಂದು ವಾರ ಅಲ್ಲೇ ಇರಿ. ಪವಿತ್ರಾತ್ಮನ ಸಹಾಯ ಬೇಕಾಗುವುದು ಅರ್ಥ ಹೇಳಲು ಮಾತ್ರವಲ್ಲ, ಹೀಗೆ ಬದಲಾಗಲು ಕೂಡ.

ಒಬ್ಬರೇ ಇಷ್ಟು ದೂರ ನಡೆಯುವುದು ಕಷ್ಟ. ಯೇಸು ಹನ್ನೆರಡು ಮಂದಿಯನ್ನು ನೇಮಿಸಿದ್ದು ಮೊದಲು ತಮ್ಮ ಸಂಗಡ ಇರಲಿ ಎಂದು, ಆಮೇಲೆ ಕಳುಹಿಸಲು (3:14). ಐದಾರು ಜನರ ಮನೆಕೂಟ ಸಾಕು. ಕೂಟಕ್ಕೆ ಒಂದೇ ನಿಯಮವಿರಲಿ: ಏನು ಹೇಳಿದರೂ ಯಾವ ವಚನದಲ್ಲಿದೆ ಎಂದು ತೋರಿಸಬೇಕು. ಮುಂದಾಳು ಪ್ರಸಂಗ ಮಾಡದೆ ಪ್ರಶ್ನೆ ಕೇಳಲಿ. ಓದಲು ಬಾರದವರು ಇದ್ದರೆ ಭಾಗವನ್ನು ಎರಡು ಸಲ ನಿಧಾನವಾಗಿ ಓದಿ, ಅವರಿಂದಲೇ ಕಥೆಯನ್ನು ಮತ್ತೆ ಹೇಳಿಸಿ. ಪುಸ್ತಕ ನೋಡುವವರಿಗೆ ತಪ್ಪಿಹೋದ ಸಂಗತಿಗಳು ಕಿವಿಯಿಂದ ಕೇಳುವ ಅಜ್ಜಿಯರಿಗೆ ಸಿಕ್ಕಿರುತ್ತವೆ.

ಮಾರ್ಕ ಮುಗಿಯಲು ಮೂರು ನಾಲ್ಕು ತಿಂಗಳಾದರೂ ಹಿಡಿಯಬಹುದು, ಅವಸರವಿಲ್ಲ. ಮುಂದೆ ಪೇತ್ರನು ಬರೆದ ಮೊದಲನೆಯ ಪತ್ರಿಕೆಯನ್ನು ಎತ್ತಿಕೊಳ್ಳಿ, 5 ಅಧ್ಯಾಯ ಅಷ್ಟೇ. ಅದರ ಕೊನೆಯಲ್ಲಿ (5:13) ಮಾರ್ಕನನ್ನು ಮಗನೆಂದು ಕರೆದಿದೆ. ಶಿಲುಬೆಯ ಮಾತಿಗೆ ಯೇಸುವನ್ನು ಗದರಿಸಿದ್ದ ಪೇತ್ರನು, 2:21ರಲ್ಲಿ ಕ್ರಿಸ್ತನು ಬಾಧೆಪಟ್ಟ ಹೆಜ್ಜೆಜಾಡಿನಲ್ಲೇ ನಡೆಯಿರಿ ಎಂದು ಬರೆಯುತ್ತಾನೆ.