64 ಅಕ್ಷರಗಳ ತಾಳೆ: ಹ್ಯಾಷ್ ಪ್ರಮಾಣಪತ್ರದಲ್ಲಿ ನನ್ನ ಅನುಭವ

ಕಳೆದ ವರ್ಷ ಆಟಿ ತಿಂಗಳ (ತುಳುನಾಡಿನ ಮಳೆಗಾಲದ ತಿಂಗಳು) ಒಂದು ಮಧ್ಯಾಹ್ನ ಮಂಗಳೂರಿನ ಸಿವಿಲ್ ನ್ಯಾಯಾಲಯವೊಂದರಲ್ಲಿ, ವಕೀಲನಾದ ನಾನು ಹಾಜರುಪಡಿಸಿದ ಸಿಸಿಟಿವಿ ದೃಶ್ಯದ ಹ್ಯಾಷ್ ವ್ಯಾಲ್ಯೂವನ್ನು, ಅಂದರೆ ಕಡತದ ಬೈಟುಗಳನ್ನೆಲ್ಲ ಲೆಕ್ಕಕ್ಕೆ ಹಾಕಿ ತೆಗೆಯುವ, ಅದರ ಬೆರಳಚ್ಚಿನಂಥ ಅಕ್ಷರಸಾಲನ್ನು, ಎದುರು ಪಕ್ಷದ ವಕೀಲರು ಪ್ರಶ್ನಿಸಿದರು. ಲಿನಕ್ಸಿನಲ್ಲಿ ತೆಗೆದ ಲೆಕ್ಕವನ್ನು ನಂಬಲಾಗದು, ಯಾರೂ ಬಳಸದ ವ್ಯವಸ್ಥೆಯಲ್ಲಿ ಏನನ್ನು ಬೇಕಾದರೂ ಬರೆಸಿಕೊಳ್ಳಬಹುದು ಎಂಬುದು ಅವರ ಆಕ್ಷೇಪವಾಗಿತ್ತು. ಅವರಿಗೆ ಮೊದಲೇ ಕೊಟ್ಟಿದ್ದ ಪ್ರತಿಯ ಲೆಕ್ಕವನ್ನು ಅವರದೇ ಲ್ಯಾಪ್‌ಟಾಪಿನಲ್ಲಿ, ವಿಂಡೋಸಿನಲ್ಲಿಯೇ, ಅವರ ಜೂನಿಯರ್ ಕೈಯಿಂದಲೇ ತೆಗೆಸಬೇಕೆಂದು ನಾನು ಕೇಳಿಕೊಂಡೆ. ಹೊರಗೆ ಮಳೆಯ ಸದ್ದು ಜೋರಾಗಿದ್ದುದರಿಂದ ಆ ಹುಡುಗಿ ನಾಲ್ಕು ನಾಲ್ಕು ಅಕ್ಷರಗಳನ್ನು ಕೂಡಿಸಿಕೊಂಡು ಹದಿನಾರು ಸಲ ಗಟ್ಟಿಯಾಗಿ ಓದಬೇಕಾಯಿತು. ನಾನು ಪ್ರಮಾಣಪತ್ರದ ಮೇಲೆ ಬೆರಳಿಟ್ಟು ಹೋಲಿಸುತ್ತ ಬಂದೆ. 64 ಅಕ್ಷರಗಳೂ ತಾಳೆಯಾದವು, ದೃಶ್ಯ ಸಾಕ್ಷ್ಯವಾಗಿ ದಾಖಲಾಗಿ ಅದಕ್ಕೆ ನಿಶಾನೆ ಬಿತ್ತು. ಒಂದು ವರ್ಷದಿಂದ ಬಾರ್ ರೂಮಿನಲ್ಲಿ ನನ್ನ ವಿಧಾನವನ್ನು ಒಪ್ಪದೇ ಇದ್ದ ಮೂವರು ಅದೇ ಸಂಜೆ ಕಚೇರಿಗೆ ಬಂದು, ಹೇಗೆ ಮಾಡಿದ್ದೆಂದು ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕಾನೂನಿನ ಹಿನ್ನೆಲೆ ನಮ್ಮ ವೃತ್ತಿಯವರಿಗೆ ಗೊತ್ತಿರುವುದೇ. ಸುಪ್ರೀಂ ಕೋರ್ಟಿನ 2014ರ ಅನ್ವರ್ ಪ್ರಕರಣ, 2020ರ ಅರ್ಜುನ್ ಪಂಡಿತರಾವ್ ಪ್ರಕರಣಗಳ ಬಳಿಕ, ವಿದ್ಯುನ್ಮಾನ ಸಾಕ್ಷ್ಯಕ್ಕೆ ಹಳೆಯ ಸಾಕ್ಷ್ಯ ಕಾಯಿದೆಯ 65ಬಿ ಕಲಮಿನ ಪ್ರಮಾಣಪತ್ರ ಕಡ್ಡಾಯವೆಂಬುದರಲ್ಲಿ ಸಂಶಯ ಉಳಿದಿರಲಿಲ್ಲ. ಆದರೂ ನಮ್ಮಲ್ಲಿ ಬಹುತೇಕರು ಒಂದೇ ನಮೂನೆಯಲ್ಲಿ ಹೆಸರು, ತಾರೀಕು ಬದಲಿಸಿ ಸಹಿ ಹಾಕಿಸುತ್ತಿದ್ದೆವು. ನಾನೂ ಹಾಗೆಯೇ ಮಾಡಿದ್ದೇನೆ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದು, ಕಲಂ 63ರ ಅನುಸೂಚಿಯಲ್ಲಿ ಭಾಗ ಎ (ಸಾಕ್ಷ್ಯ ಕೊಡುವವರದು), ಭಾಗ ಬಿ (ತಜ್ಞರದು) ಎಂದು ನಮೂನೆಯನ್ನೇ ಗೊತ್ತುಪಡಿಸಿ, ಹ್ಯಾಷ್ ವ್ಯಾಲ್ಯೂವನ್ನೂ ಅದನ್ನು ತೆಗೆದ ಕ್ರಮವನ್ನೂ ಬರೆಯಬೇಕೆಂದು ಹೇಳಿದ ಮೇಲೆ ಆ ಹಳೆಯ ಚಾಳಿಗೆ ಜಾಗವಿಲ್ಲದಾಯಿತು.

ನಾನು ಆಗ ಮಾಡಿದ ಮೊದಲ ಖರ್ಚು ಒಂದು ಹಳೆಯ ಲ್ಯಾಪ್‌ಟಾಪು. ಹಂಪನಕಟ್ಟೆಯ ಅಂಗಡಿಯೊಂದರಲ್ಲಿ ಸುಮಾರು 16 ಸಾವಿರಕ್ಕೆ ಸಿಕ್ಕಿತು. ಅದರಲ್ಲಿದ್ದುದನ್ನೆಲ್ಲ ಅಳಿಸಿ, ಲಿನಕ್ಸಿನ ಒಂದು ಬಗೆಯಾದ ಉಬುಂಟು ಹಾಕಿ, ಇಂಟರ್ನೆಟ್ ಸಂಪರ್ಕವನ್ನು ಕಡಿದು, ಈ ಒಂದು ಕೆಲಸಕ್ಕೆ ಮಾತ್ರ ಮೀಸಲಿಟ್ಟೆ. ಒಂದು ಟೆರಾಬೈಟಿನ ಹಾರ್ಡ್ ಡಿಸ್ಕಿಗೆ ನಾಲ್ಕೂವರೆ ಸಾವಿರ, ಒಂದು ಡಜನ್ ಪೆನ್ ಡ್ರೈವುಗಳಿಗೆ ನಾಲ್ಕು ಸಾವಿರದಷ್ಟು. ಲಿನಕ್ಸನ್ನು ಆರಿಸಿದ್ದಕ್ಕೆ ಕಾರಣ ಒಂದೇ: ಹೊರಗಿನ ಡಿಸ್ಕನ್ನು ಓದಲು ಮಾತ್ರ ಬರುವಂತೆ, ಬರೆಯಲು ಬಾರದಂತೆ ಜೋಡಿಸುವುದು ಅಲ್ಲಿ ನನಗೆ ಸುಲಭವಾಗಿ ಕೈಗೆ ಬಂತು. ಇದನ್ನು ಹೇಳಿದರೆ ಸಾಕು, ಬಾರ್ ರೂಮಿನಲ್ಲಿ ಎರಡು ಬಣ. ವಿಂಡೋಸಿನವರು ಲಿನಕ್ಸನ್ನು ಹುಡುಗಾಟ ಎನ್ನುತ್ತಿದ್ದರು. ಸುಪ್ರೀಂ ಕೋರ್ಟಿನ ಇ-ಸಮಿತಿ ಜಿಲ್ಲಾ ನ್ಯಾಯಾಂಗದ ಕಂಪ್ಯೂಟರುಗಳಿಗೆ ಆರಿಸಿಕೊಂಡದ್ದು ಉಬುಂಟುವನ್ನೇ ಎಂದು ನೆನಪಿಸಿದರೆ, ಅದು ಸರಕಾರದ ಉಳಿತಾಯಕ್ಕೆ ಎಂಬ ಉತ್ತರ ಬರುತ್ತಿತ್ತು. ಆಪಲ್ ಬಳಸುವ ಇಬ್ಬರು ಕಿರಿಯ ವಕೀಲರು ಎರಡೂ ಬಣಗಳನ್ನು ಒಪ್ಪುತ್ತಿರಲಿಲ್ಲ. ವಿಂಡೋಸಿನಲ್ಲಿಯೂ ಹ್ಯಾಷ್ ತೆಗೆಯುವ ಸೌಲಭ್ಯ ಮೊದಲಿನಿಂದಲೇ ಇದೆ, ಅದರ ಹೆಸರು ಸರ್ಟ್‌ಯುಟಿಲ್, ಉತ್ತರ ಒಂದೇ ಬರುತ್ತದೆ ಎಂದು ನಾನು ಹೇಳಿದರೆ ಯಾರಿಗೂ ಬೇಡವಾಗಿತ್ತು.

ಒಂದು ದಿನ ಆ ಜಗಳ ನನಗೇ ತಿರುಗಿತು. ಸಹೋದ್ಯೋಗಿಯೊಬ್ಬರು ತಮ್ಮ ವಿಂಡೋಸಿನ ನೋಟ್‌ಪ್ಯಾಡಿನಲ್ಲಿ ಎರಡು ಸಾಲು ಟೈಪು ಮಾಡಿ, ಅದೇ ಎರಡು ಸಾಲನ್ನು ನನ್ನ ಯಂತ್ರದಲ್ಲಿ ಟೈಪು ಮಾಡಿಸಿ, ಎರಡರ ಹ್ಯಾಷನ್ನೂ ತೆಗೆಸಿದರು. ಒಂದಕ್ಕೊಂದು ಸಂಬಂಧವೇ ಇರಲಿಲ್ಲ. ಹತ್ತು ಜನರ ಎದುರು ನಾನು ಉತ್ತರವಿಲ್ಲದೆ ನಿಂತೆ. ಆ ರಾತ್ರಿ ಹನ್ನೊಂದರ ತನಕ ಕಚೇರಿಯಲ್ಲಿ ಕುಳಿತಾಗ ಕಾರಣ ಸಿಕ್ಕಿತು. ವಿಂಡೋಸು ಪ್ರತಿ ಸಾಲಿನ ಕೊನೆಗೆ ಎರಡು ಬೈಟುಗಳನ್ನು ಇಡುತ್ತದೆ, ಲಿನಕ್ಸು ಒಂದನ್ನು. ಕಣ್ಣಿಗೆ ಎರಡೂ ಒಂದೇ, ಕಡತಗಳು ಮಾತ್ರ ಬೇರೆ. ಮರುದಿನ ಅವರ ಕಡತವನ್ನೇ ಪೆನ್ ಡ್ರೈವಿನಲ್ಲಿ ತೆಗೆದುಕೊಂಡು ಮೂರು ಬಗೆಯ ಯಂತ್ರಗಳಲ್ಲಿ ಲೆಕ್ಕ ಹಾಕಿ ತೋರಿಸಿದೆ. ಮೂರರಲ್ಲೂ ಅದೇ 64 ಅಕ್ಷರ. ಆದರೂ ಹಿಂದಿನ ದಿನ ನೋಡಿದವರಲ್ಲಿ ಅರ್ಧದಷ್ಟು ಜನ ಮಾತ್ರ ಅಂದು ಅಲ್ಲಿದ್ದರು, ಉಳಿದವರ ಮನಸ್ಸಿನಲ್ಲಿ ನಾನು ಸೋತದ್ದೇ ಉಳಿಯಿತು.

ಈ ಪ್ರಸಂಗ ನನ್ನನ್ನು ಇನ್ನೊಂದು ಪ್ರಯೋಗಕ್ಕೆ ಹಚ್ಚಿತು. ಕನ್ನಡದಲ್ಲಿ ದಸ್ತಾವೇಜು ಮಾಡುವವರೆಲ್ಲ ಇದನ್ನು ತಿಳಿದಿರಬೇಕು. ಯೂನಿಕೋಡಿನಲ್ಲಿ ‘ಕೊ’ ಎಂಬ ಅಕ್ಷರವನ್ನು ಎರಡು ರೀತಿಯಲ್ಲಿ ಕೂಡಿಸಬಹುದು: ಕಕಾರಕ್ಕೆ ಒಕಾರದ ಒಂದೇ ಚಿಹ್ನೆ ಸೇರಿಸಿ, ಅಥವಾ ಎಕಾರದ ಚಿಹ್ನೆಯನ್ನೂ ಊಕಾರದ ಚಿಹ್ನೆಯನ್ನೂ ಬೇರೆ ಬೇರೆಯಾಗಿ ಸೇರಿಸಿ. ಪರದೆಯ ಮೇಲೆ ಕೂದಲೆಳೆಯ ವ್ಯತ್ಯಾಸವೂ ಕಾಣುವುದಿಲ್ಲ. ಯೂನಿಕೋಡನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಮೊದಲನೆಯದು ಆರು ಬೈಟು, ಎರಡನೆಯದು ಒಂಬತ್ತು. ನಮ್ಮ ಜಿಲ್ಲೆಯವರೇ ಆದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದಲ್ಲಿ ನನ್ನ ಗುಮಾಸ್ತರು ಟೈಪು ಮಾಡಿದ ಕರಾರುಪತ್ರ ಮೊದಲನೆಯ ರೀತಿಯಲ್ಲಿತ್ತು. ಅದೇ ಕರಾರಿನ, ಯೂನಿಕೋಡಲ್ಲದ ಹಳೆಯ ನುಡಿ ತಂತ್ರಾಂಶದ ಕಡತವನ್ನು ನನ್ನ ಬಳಿಯಿದ್ದ ಪರಿವರ್ತಕದಲ್ಲಿ ಯೂನಿಕೋಡಿಗೆ ತಂದಾಗ ಎರಡನೆಯ ರೀತಿಯಲ್ಲಿ ಬಂತು. ಅಕ್ಷರಕ್ಕೆ ಅಕ್ಷರ ಒಂದೇ ಕರಾರು, ಹ್ಯಾಷ್ ಎರಡು. ಆದ್ದರಿಂದ ಟೈಪು ಮಾಡಿದ ಕಡತವನ್ನು ‘ಮತ್ತೊಮ್ಮೆ ತಯಾರಿಸಿ’ ಹೋಲಿಸಲು ಯಾರೂ ಹೋಗಬಾರದು. ಇರುವ ಕಡತವನ್ನು ಇರುವಂತೆಯೇ ನಕಲು ಮಾಡಬೇಕು. ಹೆಸರು ಬದಲಿಸಿದರೆ ತೊಂದರೆಯಿಲ್ಲ, ಹ್ಯಾಷ್ ಹೆಸರನ್ನು ನೋಡುವುದಿಲ್ಲ. ಆದರೆ ನನ್ನ ಜೂನಿಯರ್ ಒಮ್ಮೆ ವರ್ಡ್ ಕಡತವನ್ನು ತೆರೆದು, ಏನನ್ನೂ ತಿದ್ದದೆ, ಅಭ್ಯಾಸಬಲದಿಂದ ಸೇವ್ ಒತ್ತಿದ್ದಕ್ಕೇ ಇಡೀ ಹ್ಯಾಷ್ ಬದಲಾಗಿ ಅಫಿಡವಿಟ್ಟನ್ನು ಮತ್ತೆ ಮಾಡಿಸಬೇಕಾಯಿತು.

ಹಣ ಕಳೆದ ಸೋಲುಗಳು ಬೇರೆ. ಬಾಡಿಗೆ ತಕರಾರಿನ ಒಂದು ಪ್ರಕರಣದಲ್ಲಿ ಕಕ್ಷಿದಾರರು ಗೋಡೆಯ ಬಿರುಕಿನ ಫೋಟೋಗಳನ್ನು ವಾಟ್ಸಾಪಿನಲ್ಲಿ ಕಳಿಸಿದ್ದರು, ನಾನು ಅವುಗಳ ಹ್ಯಾಷ್ ಬರೆದು ಪ್ರಮಾಣಪತ್ರ ಮಾಡಿಸಿದೆ. ಪ್ರಮಾಣಪತ್ರದಲ್ಲಿ ಸಾಧನವೆಂದು ಬರೆದದ್ದು ಅವರ ಫೋನನ್ನು. ಫೋನಿನಲ್ಲಿದ್ದ ಮೂಲ ಚಿತ್ರ ನಾಲ್ಕು ಎಂಬಿಯಷ್ಟು, ವಾಟ್ಸಾಪು ಕುಗ್ಗಿಸಿ ಕೊಟ್ಟದ್ದು ಇನ್ನೂರು ಕೆಬಿಗೂ ಕಡಿಮೆ. ಚಿತ್ರ ತೆಗೆದ ದಿನಾಂಕದ ವಿವರವೂ ಅಳಿಸಿಹೋಗಿತ್ತು. ಎದುರಿನವರು ಕಂಡುಹಿಡಿಯುವ ಮೊದಲು ನಾನೇ ಹಿಂದೆ ಪಡೆದೆ. ತಜ್ಞರಿಗೆ ಕೊಟ್ಟ ಎರಡೂವರೆ ಸಾವಿರ ನನ್ನ ಕೈಯಿಂದ ಹೋಯಿತು. ಈಗ ಕಕ್ಷಿದಾರರು ಫೋನನ್ನೇ ತರಬೇಕು, ಕೇಬಲ್ ಹಾಕಿಯೇ ತೆಗೆಯುತ್ತೇನೆ.

ಇನ್ನೊಂದರಲ್ಲಿ ಪೆನ್ ಡ್ರೈವಿನೊಳಗಿನ ಕಡತದ ಬದಲು ಇಡೀ ಪೆನ್ ಡ್ರೈವಿನ ಹ್ಯಾಷ್ ತೆಗೆದುಬಿಟ್ಟೆ. ಆಗ ಅದೇ ಹೆಚ್ಚು ಭದ್ರವೆಂದು ನನಗೆ ತೋರಿತ್ತು. ಅದನ್ನು ಜೆರಾಕ್ಸ್ ಅಂಗಡಿಯ ವಿಂಡೋಸ್ ಕಂಪ್ಯೂಟರಿಗೆ ಚುಚ್ಚಿದ ಕೂಡಲೇ ವಿಂಡೋಸು ತನ್ನದೊಂದು ಗುಪ್ತ ಫೋಲ್ಡರನ್ನು ಅದರಲ್ಲಿ ಬರೆಯಿತು, ಒಟ್ಟು ಹ್ಯಾಷ್ ಕೆಟ್ಟಿತು. ಆ ವಿಚಾರಣೆ ಮುಂದಕ್ಕೆ ಹೋಗಿ ಎರಡು ತಿಂಗಳು ಕಳೆಯಿತು. ಡಿವಿಡಿಗೆ ಬರೆದಿಡುವ ಯೋಚನೆಯನ್ನೂ ಮಾಡಿ ಸುಮಾರು ಒಂಬೈನೂರು ರೂಪಾಯಿಯ ಡಿವಿಡಿ ತಂದಿದ್ದೆ. ನಮ್ಮ ಕರಾವಳಿಯ ಮಳೆಗಾಲದ ತೇವಕ್ಕೆ ಕಪಾಟಿನಲ್ಲೇ ಬೂಸ್ಟು ಹಿಡಿದು ಎರಡು ಡಿವಿಡಿಗಳು ಓದಲೇ ಬಾರದಾದವು.

ನನಗೆ ಇಂದಿಗೂ ಬೇಸರ ಉಳಿಸಿದ್ದು ಒಂದು ಡಿವಿಆರ್, ಅಂದರೆ ಸಿಸಿಟಿವಿ ದೃಶ್ಯಗಳನ್ನು ದಾಖಲಿಸಿಡುವ ಪೆಟ್ಟಿಗೆ. ಬಿಜೈಯ ಕಡೆಯ ಕಕ್ಷಿದಾರರೊಬ್ಬರು, ಸಣ್ಣ ಅಂಗಡಿಯವರು, ಘಟನೆಯ ದಿನವೇ ಫೋನು ಮಾಡಿದ್ದರು. ಡಿವಿಆರ್ ತಿಂಗಳ ತನಕ ಇಟ್ಟುಕೊಳ್ಳುತ್ತದೆಂಬ ಮಾತನ್ನು ನಂಬಿ ನಾನು ಹದಿನೇಳನೆಯ ದಿನ ಹೋದೆ. ಡಿಸ್ಕು ಸಣ್ಣದಾಗಿದ್ದು, ಹದಿನೈದು ದಿನಗಳ ಹಿಂದಿನದನ್ನೆಲ್ಲ ಅಳಿಸಿ ಅದರ ಮೇಲೆಯೇ ಬರೆದುಕೊಂಡಿತ್ತು. “ಇನ್ನು ಎಂಥ ಮಾಡುವುದು ವಕೀಲ್ರೇ?” ಎಂದು ಅವರು ಕೇಳಿದಾಗ ಹೇಳಲು ಏನೂ ಇರಲಿಲ್ಲ. ಪಡೆದ ಮೂರು ಸಾವಿರವನ್ನು ಹಿಂದಿರುಗಿಸಿದೆ. ಅಂದಿನಿಂದ ಡಿವಿಆರ್ ಎಂದರೆ 24 ಗಂಟೆಯೊಳಗೆ, ಭಾನುವಾರವಾದರೂ ಸರಿ, ಹೋಗಿಬರುತ್ತೇನೆ.

ಆಟಿಯಲ್ಲಿ ನಿಶಾನೆ ಬಿದ್ದ ದೃಶ್ಯ ಬಂದರಿನ ಗೋದಾಮೊಂದರದು, ದಾರಿಗೆ ಅಡ್ಡಲಾಗಿ ಕಲ್ಲು ಇಳಿಸಿದ ತಕರಾರು. ಡಿವಿಆರ್ ಇದ್ದದ್ದು ಮೆಟ್ಟಿಲಿನ ಕೆಳಗೆ, ಗೋಣಿಚೀಲಗಳ ಹಿಂದೆ. ಅದರ ಗಡಿಯಾರ ನನ್ನ ಫೋನಿಗಿಂತ ಹನ್ನೊಂದು ನಿಮಿಷ ಮುಂದಿತ್ತು. ಪರದೆಯನ್ನೂ ಫೋನನ್ನೂ ಒಟ್ಟಿಗೆ ಇಟ್ಟು ಫೋಟೋ ತೆಗೆಸಿ, ಆ ಹನ್ನೊಂದು ನಿಮಿಷವನ್ನು ಅಫಿಡವಿಟ್ಟಿನಲ್ಲೇ ಬರೆಸಿದೆ. ಪಾಟೀಸವಾಲಿನಲ್ಲಿ ಮೊದಲು ಬಂದ ಪ್ರಶ್ನೆ ಇದೇ, ಉತ್ತರ ಕಾಗದದಲ್ಲಿತ್ತು. ದೃಶ್ಯವನ್ನು ಎಂಪಿ4ಗೆ ಪರಿವರ್ತಿಸಲು ಬಿಡದೆ, ಯಂತ್ರ ಕೊಟ್ಟ ಮೂಲ ರೂಪದಲ್ಲೇ, ಅದನ್ನು ತೋರಿಸುವ ಪ್ಲೇಯರ್ ಸಮೇತ ತೆಗೆದೆ. ಕಡತ ಡಿವಿಆರಿನಿಂದ ಹೊರಬಿದ್ದ ಐದು ನಿಮಿಷದೊಳಗೆ ಅಲ್ಲಿಯೇ ಹ್ಯಾಷ್ ತೆಗೆದು, ಮಾಲಕರ ಎದುರಿನಲ್ಲೇ ಅವರ ಕೈಬರಹದಲ್ಲಿ ಬರೆಸಿಕೊಂಡೆ. ಭಾಗ ಎಗೆ ಸಹಿ ಅವರದೇ. ಭಾಗ ಬಿಗೆ ಎಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕರೊಬ್ಬರ ಸಹಿ. ವಕೀಲರು ತಾವೇ ಸಹಿ ಹಾಕಲು ಹೋಗಬಾರದು, ತಮ್ಮ ಪ್ರಕರಣದಲ್ಲೇ ಸಾಕ್ಷಿ ಕಟ್ಟೆ ಹತ್ತಬೇಕಾಗುತ್ತದೆ. ಆ ‘ತಜ್ಞ’ ಯಾರಾಗಿರಬೇಕೆಂಬ ವಾದ ನಮ್ಮಲ್ಲಿ ಇನ್ನೂ ಬಿಸಿಯಾಗಿಯೇ ಇದೆ. ಮಾಹಿತಿ ತಂತ್ರಜ್ಞಾನ ಕಾಯಿದೆಯ 79ಎ ಪ್ರಕಾರ ಅಧಿಸೂಚಿತರಾದ ಪರೀಕ್ಷಕರೇ ಬೇಕೆಂದು ಹಟ ಹಿಡಿದರೆ ಸಣ್ಣ ದಾವೆಗಳ ಕಕ್ಷಿದಾರರಿಗೆ ಸಾಕ್ಷ್ಯವೇ ಇಲ್ಲದಂತಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸಂಶಯಪಟ್ಟವರಲ್ಲಿ ಒಬ್ಬ ಹಿರಿಯರನ್ನು ಮಾತ್ರ ನಾನು ವಿರೋಧಿಯೆಂದು ಎಣಿಸಲಿಲ್ಲ. ‘ಒಂದು ಸಂಖ್ಯೆ ಸಾಕ್ಷಿ ಹೇಳುವುದುಂಟೇ? ಆ ಹ್ಯಾಷನ್ನು ಚೀನಾದವರು ಒಡೆದಿದ್ದಾರಂತಲ್ಲ’ ಎಂಬುದು ಅವರ ಪ್ರಶ್ನೆ. ಅದರಲ್ಲಿ ನಿಜವಿತ್ತು. ಹ್ಯಾಷ್ ತೆಗೆಯುವ ವಿಧಾನಗಳು ಹಲವು. ಅವುಗಳಲ್ಲೊಂದಾದ ಎಂಡಿ5ರಲ್ಲಿ ಒಂದೇ ಹ್ಯಾಷಿನ ಎರಡು ದತ್ತಾಂಶಗಳನ್ನು ಚೀನಾದ ಗಣಿತಜ್ಞೆ ಶಿಯಾವ್ಯುನ್ ವಾಂಗ್ ಮತ್ತು ಅವರ ತಂಡ 2004ರಲ್ಲಿಯೇ ತೋರಿಸಿತು. ಇನ್ನೊಂದು ವಿಧಾನವಾದ ಎಸ್‌ಎಚ್‌ಎ1ಕ್ಕೆ ಅದೇ ಗತಿಯನ್ನು 2017ರಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು ಕಾಣಿಸಿದರು. ವಿಚಿತ್ರವೆಂದರೆ ನಮ್ಮ ಅನುಸೂಚಿಯ ನಮೂನೆಯಲ್ಲಿ ಈ ಎರಡೂ ಹೆಸರುಗಳು ಈಗಲೂ ಇವೆ. ನಾನು ಬರೆಯುವುದು ಎಸ್‌ಎಚ್‌ಎ256 ಒಂದನ್ನೇ. ಅದರಲ್ಲಿ ಸಾಧ್ಯವಿರುವ ಬೆಲೆಗಳ ಸಂಖ್ಯೆಯೇ 78 ಅಂಕಿಗಳಷ್ಟು ಉದ್ದ, ಅಂಥ ಜೋಡಿಯನ್ನು ಇದುವರೆಗೆ ಯಾರೂ ತೋರಿಸಿಲ್ಲ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕರು ಪವಾಡಗಳನ್ನು ತಾವೇ ಮಾಡಿ ತೋರಿಸಿ ಗುಟ್ಟು ಬಿಚ್ಚಿಡುವುದನ್ನು ವಿದ್ಯಾರ್ಥಿಯಾಗಿದ್ದಾಗ ನೋಡಿದವನು ನಾನು. ಹಾಗಾಗಿ ವಾದಕ್ಕಿಂತ ಮಾಡಿ ತೋರಿಸುವುದೇ ಲೇಸೆಂದುಕೊಂಡೆ. ಹಿರಿಯರ ಎದುರು ಅವರದೇ ನಲವತ್ತು ಪುಟದ ವಾದಪತ್ರದ ಪಠ್ಯದಲ್ಲಿ ಒಂದು ಅಲ್ಪವಿರಾಮವನ್ನು ತೆಗೆದೆ. ಹ್ಯಾಷ್ ಪೂರ್ತಿಯಾಗಿ ಬದಲಾಯಿತು. ಅದನ್ನು ಮತ್ತೆ ಅಲ್ಲಿಯೇ ಇಟ್ಟೆ. ಹಳೆಯ ಹ್ಯಾಷ್ ಹಾಗೆಯೇ ಮರಳಿತು. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಇನ್ನೊಮ್ಮೆ ತಮ್ಮ ಕೈಯಿಂದಲೇ ಮಾಡಿ ನೋಡಿದರು.

ಬಳಿಕ ಅವರು ಕೇಳಿದ್ದು ನಿಜವಾದ ಪ್ರಶ್ನೆ: ತಿದ್ದಿದ ದೃಶ್ಯಕ್ಕೂ ಹ್ಯಾಷ್ ಬರುತ್ತದಲ್ಲವೇ? ಬರುತ್ತದೆ. ಹ್ಯಾಷ್ ತೆಗೆದ ಗಳಿಗೆಯಿಂದೀಚೆಗೆ ಕಡತ ಬದಲಾಗಿಲ್ಲ ಎಂಬುದಷ್ಟೇ ಅದರಿಂದ ಸಿದ್ಧವಾಗುತ್ತದೆ, ಅದಕ್ಕೆ ಮೊದಲಿನದಕ್ಕೆ ಮನುಷ್ಯರೇ ಸಾಕ್ಷಿ ಹೇಳಬೇಕು. ಆ ಐದು ನಿಮಿಷಕ್ಕೂ ಮಾಲಕರ ಕೈಬರಹಕ್ಕೂ ನಾನು ಅಷ್ಟು ಒತ್ತು ಕೊಡುವುದು ಈ ಕಾರಣಕ್ಕೇ.

ಇದುವರೆಗೆ ನಲವತ್ತರ ಹತ್ತಿರ ಪ್ರಮಾಣಪತ್ರಗಳಾಗಿವೆ, ಮೊದಲ ಮೂರು ಎಡವಿದ ಮೇಲೆ ಒಂದೂ ತಿರಸ್ಕೃತವಾಗಿಲ್ಲ. ಮಂಗಳೂರಿನಲ್ಲಿ ಇಷ್ಟು ಶುದ್ಧವಾಗಿ ಇದನ್ನು ಮಾಡುವ ಕಚೇರಿಗಳು ಬೆರಳೆಣಿಕೆಯಷ್ಟೇ ಎಂದು ಧೈರ್ಯವಾಗಿ ಹೇಳಬಲ್ಲೆ. ಹಾಕಿದ ಹಣ ಎಂಟು ತಿಂಗಳಲ್ಲಿ ಮರಳಿತು. ಹ್ಯಾಷ್ ವರದಿಯನ್ನೂ ಸಮಯವನ್ನೂ ಒಂದೇ ಪುಟಕ್ಕೆ ತರುವ ನಲವತ್ತು ಸಾಲಿನ ಸ್ಕ್ರಿಪ್ಟನ್ನೂ, ಲಕೋಟೆಯನ್ನು ಮುಚ್ಚಿ ಸಹಿ ಹಾಕಿಸುವ ಕ್ರಮವನ್ನೂ ಇಲ್ಲಿ ಕೊಡುವುದಿಲ್ಲ. ಅವೆರಡನ್ನು ಕಂಡುಕೊಳ್ಳಲು ನನಗೆ ಒಂದು ವರ್ಷ ಹಿಡಿದಿದೆ. ಕ್ಲೌಡಿನಲ್ಲಿ ಶೇಖರವಾಗುವ ಮನೆಬಾಗಿಲಿನ ಕ್ಯಾಮರಾದ ದೃಶ್ಯವನ್ನು ಈಗ ಪರೀಕ್ಷಿಸುತ್ತಿದ್ದೇನೆ. ಒಂದೇ ದೃಶ್ಯವನ್ನು ಎರಡು ಸಲ ಇಳಿಸಿಕೊಂಡಾಗ ಹ್ಯಾಷ್ ಎರಡು ಬಂದಿದೆ, ಎಲ್ಲಿ ಬೇರೆಯಾಗುತ್ತದೆಂದು ಬೈಟು ಬೈಟಾಗಿ ಹೋಲಿಸುವ ಕೆಲಸ ನಡೆದಿದೆ.