ಹಳೆ ಕಾರಿನ ಮಾಡಿಗೆ ಹೊಸ ಮರ

ನನ್ನ ಸೋದರಮಾವನ 1931ರ ಷೆವರ್ಲೆ ಸೆಡಾನ್ ಮುಂಬೈಯ ಮುಲುಂಡಿನ ಒಂದು ಶೆಡ್ಡಿನಲ್ಲಿ ಹನ್ನೆರಡು ಮಳೆಗಾಲ ಕಳೆದಿತ್ತು. ಹೊರಗಿನಿಂದ ನೋಡಿದರೆ ಪರವಾಗಿಲ್ಲ ಅನ್ನಿಸುತ್ತಿತ್ತು. ಒಳಗೆ ಕೂತು ಮಾಡಿನ, ಅಂದರೆ ಚಾವಣಿಯ, ಬಟ್ಟೆಯನ್ನು ಬೆರಳಲ್ಲಿ ಒತ್ತಿದರೆ ಸಾಕು, ಮರದ ಪುಡಿ ತಲೆ ಮೇಲೆ ಉದುರುತ್ತಿತ್ತು. ಹೋದ ಚಳಿಗಾಲದಲ್ಲಿ ಆ ಮರವನ್ನೆಲ್ಲ ಬದಲಿಸಿದೆವು. ಇಂಥ ಕಾರು ಇರುವವರಿಗೆ ಉಪಯೋಗ ಆಗಬಹುದು ಅಂತ ಮಾಡಿದ ರೀತಿಯನ್ನೂ, ಮಾಡಿದ ತಪ್ಪನ್ನೂ ಬರೆಯುತ್ತಿದ್ದೇನೆ.

ಕಾರಿನ ಮಾಡಿಗೆ ಮರ ಯಾಕೆ ಅಂತ ಕೇಳುವವರು ಜಾಸ್ತಿ. ಆ ಕಾಲದಲ್ಲಿ ಇಡೀ ಮಾಡನ್ನು ಒಂದೇ ಉಕ್ಕಿನ ಹಾಳೆಯಲ್ಲಿ ಒತ್ತಿ ತೆಗೆಯುವುದು ಸುಲಭವಿರಲಿಲ್ಲ. ಹಾಗಾಗಿ ಅಂಚಿಗೆ ಮಾತ್ರ ಉಕ್ಕು, ನಡುವೆ ದೊಡ್ಡ ಬಾಯಿ. ಆ ಬಾಯಿಗೆ ಅಡ್ಡಡ್ಡ ಬಿಲ್ಲಿನ ಹಾಗೆ ಬಾಗಿದ ಮರ, ಅದರ ಮೇಲೆ ಉದ್ದಕ್ಕೆ ತೆಳು ಪಟ್ಟಿಗಳು, ತಂತಿಬಲೆ, ಹತ್ತಿ, ಕೊನೆಗೆ ನೀರಿಳಿಯದ ಬಟ್ಟೆ. ಷೆವರ್ಲೆ ತಯಾರಿಸುವ ಜನರಲ್ ಮೋಟರ್ಸ್ 1935ರ ಮಾದರಿಗಳಲ್ಲಿ ಪೂರ್ತಿ ಉಕ್ಕಿನ ಮಾಡು ತಂದು ಅದನ್ನು 'ಟರೆಟ್ ಟಾಪ್' ಎಂದು ಕರೆಯಿತು. ಇದೇ ಕಂಪನಿ 1928ರಿಂದ ನಮ್ಮ ಮುಂಬೈಯ ಶಿವ್ಡಿಯಲ್ಲಿ ಕಾರು ಜೋಡಿಸುತ್ತಿತ್ತು. ತನ್ನ ಕಾರೂ ಅಲ್ಲಿಂದಲೇ ಬಂದದ್ದು ಅಂತ ಮಾವನ ನಂಬಿಕೆ. ಕಾಗದ ಯಾವುದೂ ಇಲ್ಲ, ನಾನೂ ವಾದ ಮಾಡುವುದಿಲ್ಲ.

ಗ್ಯಾರೇಜಿನವರು ಮೊದಲು ಹೇಳುವ ಮಾತು, "ಶೀಟ್ ವೆಲ್ಡ್ ಮಾಡಿಬಿಡಿ." ಬೇಡ. ಭಾರ ಜಾಸ್ತಿ, ಸದ್ದು ಜಾಸ್ತಿ, ವೆಲ್ಡಿಂಗ್ ಬಿಸಿಗೆ ಅಂಚಿನ ಹಳೆ ಉಕ್ಕು ಸೊಟ್ಟಗಾಗುತ್ತದೆ. ಇನ್ನೊಂದು ಕಾರಣವೂ ಇದೆ. 2021ರಲ್ಲಿ ಬಂದ ಕೇಂದ್ರದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರಿಗೆ ವಿಂಟೇಜ್ ಅಂತ 'ವಿಎ' ಅಕ್ಷರದ ನಂಬರ್ ಸಿಗುತ್ತದೆ. ಆದರೆ ಷಾಸಿ (ಕಾರಿನ ತಳದ ಚೌಕಟ್ಟು), ಬಾಡಿ, ಎಂಜಿನ್ನು ಮೂಲದ ಹಾಗೇ ಇರಬೇಕು.

ಬಿಚ್ಚುವ ಮೊದಲು

ಇಲ್ಲಿ ಅವಸರ ಮಾಡಿದರೆ ಮುಂದಿನದೆಲ್ಲ ಹಾಳು. ಇಂಥ ಕಾರಿನಲ್ಲಿ ಬಾಡಿಯನ್ನು ಹಿಡಿದು ನಿಲ್ಲಿಸಿರುವುದೇ ಮರ. ಮರ ತೆಗೆದ ಕೂಡಲೇ ತಗಡು ಹೊರಕ್ಕೆ ಬಾಯಿ ಬಿಡುತ್ತದೆ, ಆಮೇಲೆ ಬಾಗಿಲು ಕೂರುವುದಿಲ್ಲ. ಆದ್ದರಿಂದ ಕಾರನ್ನು ಮಟ್ಟವಾಗಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಬಾಗಿಲು ಕಳಚಬೇಡಿ. ಒಳಗೆ ಅಡ್ಡಕ್ಕೂ ಮೂಲೆಯಿಂದ ಮೂಲೆಗೂ ಕಬ್ಬಿಣದ ಪೈಪ್ ಕೊಟ್ಟು ಬೋಲ್ಟ್ ಹಾಕಿ. ಮಾಡಿನ ಬಾಯಿಯ ಎರಡೂ ಕರ್ಣಗಳನ್ನು ಅಳೆದು ಗೋಡೆ ಮೇಲೆ ದೊಡ್ಡದಾಗಿ ಬರೆದಿಡಿ.

ಆಮೇಲೆ ಫೋಟೊ, ಪ್ರತಿ ತುಂಡಿಗೂ ನಂಬರು. ಪುಡಿಯಾದ ಮರವನ್ನೂ ಎಸೆಯಬೇಡಿ. ತೆಳು ಅಂಟು ಕುಡಿಸಿದರೆ ಅಳತೆ ತೆಗೆಯುವಷ್ಟು ಗಟ್ಟಿಯಾಗುತ್ತದೆ. ತುಕ್ಕು ಹಿಡಿದ ಸ್ಕ್ರೂ ಬಿಡದಿದ್ದರೆ ಬೆಸುಗೆ ಹಾಕುವ ಬಿಸಿ ಕಡ್ಡಿಯನ್ನು ಅದರ ತಲೆ ಮೇಲೆ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ.

ಯಾವ ಮರ?

ಮೂಲದಲ್ಲಿ ಇದ್ದದ್ದು ಆ್ಯಶ್ ಮರ. ಹಗುರ, ಕುಲುಕಾಟ ತಡೆಯುತ್ತದೆ, ಸ್ಕ್ರೂ ಗಟ್ಟಿ ಹಿಡಿಯುತ್ತದೆ. ಒದ್ದೆಯಾದರೆ ಮಾತ್ರ ಬೇಗ ಕೊಳೆಯುತ್ತದೆ. ಆಮದಾದದ್ದು ರೇ ರೋಡ್ ಕಡೆಯ ಟಿಂಬರ್ ಅಂಗಡಿಗಳಲ್ಲಿ ಕೇಳಿದರೆ ಸಿಗಬಹುದು. ನಾವು ಸಾಗುವಾನಿ ಹಾಕಿದೆವು. ಮುಂಬೈ ಮಳೆಗೂ ಗೆದ್ದಲಿಗೂ ಅದೇ ಸರಿ ಅಂತ ನನ್ನ ಅಭಿಪ್ರಾಯ, ಶುದ್ಧವಾದಿಗಳು ಬೈದುಕೊಳ್ಳಲಿ. ಒಂದು ತೊಡಕಿದೆ. ಸಾಗುವಾನಿಯಲ್ಲಿ ಎಣ್ಣೆ ಅಂಶ ಇರುವುದರಿಂದ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಅಂಟು ಹಚ್ಚುವ ಸ್ವಲ್ಪ ಮೊದಲು ಆ ಜಾಗವನ್ನು ಅಸಿಟೋನಿನಲ್ಲಿ ಒರೆಸಬೇಕು.

ಮರ ಒಣಗಿರಬೇಕು, ತೇವ ನೂರಕ್ಕೆ 12ರ ಒಳಗಿದ್ದರೆ ಒಳ್ಳೆಯದು. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಜುಲೈಯಲ್ಲಿ ಬಿಗಿಯಾಗಿ ಕೂರಿಸಿದ ಕಚ್ಚು (ಮರಕ್ಕೆ ಮರ ಕೂಡುವ ಜಾಗ) ಜನವರಿಯಲ್ಲಿ ಅಲ್ಲಾಡುತ್ತದೆ.

ಅಳತೆ: ನಾವು ಎಡವಿದ ಜಾಗ

ನಮಗೆ ಸಿಕ್ಕಿದ ಆಚಾರಿ ಕುಂದಾಪುರದ ಕಡೆಯವರು. ಊರಲ್ಲಿ ದೋಣಿ ಕೆಲಸ ಮಾಡಿದವರು. ಈ ಮಾಡನ್ನು ನೋಡಿದ್ದೇ, "ಕವುಚಿ ಹಾಕಿದ ದೋಣಿ ಅಲ್ವಾ ಇದು?" ಅಂದರು. ನಾನು ಬಾಗಿದ ಅಡ್ಡ ಮರಗಳನ್ನು, ಅಂದರೆ ಹಳೆ ಬಿಲ್ಲುಗಳನ್ನು, ಪ್ಲೈವುಡ್ ಮೇಲಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದೆ. ಅವರು ತಲೆ ಆಡಿಸಿದರು. "ಹಳೆ ಮರದ ಮಾತು ಕೇಳ್ಬೇಡಿ ಮಾರಾಯ್ರೆ. ತೊಂಬತ್ತು ವರ್ಷ ಭಾರ ಹೊತ್ತು ಬಗ್ಗಿದೆ ಅದು." ನಾನು ಕೇಳಲಿಲ್ಲ. ಐದು ಬಿಲ್ಲುಗಳನ್ನೂ ಇದ್ದ ಹಾಗೇ ಕತ್ತರಿಸಿಕೊಟ್ಟರು, ಮುಖ ಸಪ್ಪೆ ಮಾಡಿಕೊಂಡೇ.

ಜೋಡಿಸಿ ನೋಡಿದರೆ ನಡುವಿನ ಮೂರು ಬಿಲ್ಲುಗಳು ಹತ್ತು ಹನ್ನೆರಡು ಮಿಲಿಮೀಟರ್ ತಗ್ಗಿನಲ್ಲಿ. ಹಾಗೇ ಬಟ್ಟೆ ಹೊದಿಸಿದ್ದರೆ ಮಾಡಿನ ಮೇಲೆ ಕೆರೆ ಆಗುತ್ತಿತ್ತು. ಮೂರನ್ನೂ ಮತ್ತೆ ಕತ್ತರಿಸಿದೆವು. ಸಾಗುವಾನಿ ರೇಟು ಗೊತ್ತಿರುವವರಿಗೆ ಮಾವನ ಮುಖ ಹೇಗಿತ್ತು ಅಂತ ಹೇಳಬೇಕಾಗಿಲ್ಲ.

ಸರಿಯಾದ ಕ್ರಮ ಹೀಗೆ. ಹಳೆ ಮರದಿಂದ ಉದ್ದ, ದಪ್ಪ, ಕಚ್ಚಿನ ಜಾಗ ತೆಗೆದುಕೊಳ್ಳಿ. ಬಾಗು ಮಾತ್ರ ಬೇಡ. ಬಾಗನ್ನು ಮುಂದಿನ ಗಾಜಿನ ಮೇಲಿರುವ ಮತ್ತು ಹಿಂದಿನ ಉಕ್ಕಿನ ಅಂಚಿನಿಂದ ತೆಗೆಯಿರಿ, ಉಕ್ಕು ಅಷ್ಟು ಸುಲಭಕ್ಕೆ ಜೋಲುವುದಿಲ್ಲ. ಬಿಲ್ಲುಗಳನ್ನು ಕ್ಲ್ಯಾಂಪಿನಲ್ಲಿ ಹಿಡಿಸಿ, ಅವುಗಳ ಮೇಲೆ ಮುಂದಿನಿಂದ ಹಿಂದಕ್ಕೆ ಉದ್ದನೆಯ ತೆಳು ಪಟ್ಟಿ ಇಡಿ. ಪಟ್ಟಿ ಎಲ್ಲ ಬಿಲ್ಲುಗಳನ್ನೂ ಮುಟ್ಟಬೇಕು, ಕೆಳಗೆ ಬೆಳಕು ಕಾಣಬಾರದು. ನಡುವೆ, ಎಡಕ್ಕೆ, ಬಲಕ್ಕೆ, ಮೂರು ಕಡೆ ನೋಡಿ. ಎಡದ ತುಂಡು ತಿರುಗಿಸಿದರೆ ಬಲದ್ದಾಗುತ್ತದೆ ಅಂತಲೂ ನಂಬಬೇಡಿ. ಕೈಕೆಲಸದ ಬಾಡಿ, ಎರಡು ಕಡೆ ಒಂದೇ ಇರುವುದಿಲ್ಲ.

ಸಣ್ಣ ಬಾಗಿನ ಬಿಲ್ಲನ್ನು ಅಗಲ ಹಲಗೆಯಿಂದಲೇ ಕತ್ತರಿಸಬಹುದು. ಮೂಲೆಯ ಜೋರು ಬಾಗಿಗೆ ಹಾಗೆ ಮಾಡಿದರೆ ಎಳೆ ಅಡ್ಡ ಬಂದು ತುಂಡಾಗುತ್ತದೆ. ಅಲ್ಲಿ ಮೂರು ನಾಲ್ಕು ಮಿಲಿಮೀಟರಿನ ಪಟ್ಟಿಗಳನ್ನು ಎಪಾಕ್ಸಿ ಅಂಟು ಹಚ್ಚಿ ಒಂದರ ಮೇಲೊಂದು ಅಚ್ಚಿಗೆ ಬಿಗಿಯಿರಿ. ಬಿಚ್ಚಿದಾಗ ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆ, ಅಚ್ಚಿನ ಬಾಗು ಅಷ್ಟು ಜಾಸ್ತಿಯೇ ಇರಲಿ. ಹಬೆಯಲ್ಲೂ ಬಗ್ಗಿಸಬಹುದು, ಒಂದು ಇಂಚು ದಪ್ಪಕ್ಕೆ ಒಂದು ಗಂಟೆ ಹಬೆ ಅಂತ ಲೆಕ್ಕ. ಆದರೆ ಭಟ್ಟಿಯಲ್ಲಿ ಒಣಗಿಸಿದ ಮರ ಹಬೆಗೆ ಸುಲಭವಾಗಿ ಬಗ್ಗುವುದಿಲ್ಲ.

ಕೂರಿಸುವುದು

ಮೊದಲ ಸಲ ಅಂಟು ಇಲ್ಲದೆ ಪೂರ್ತಿ ಜೋಡಿಸಿ. ತಗಡಿನ ಒಳಬದಿಗೆ ಸೀಮೆಸುಣ್ಣ ಉಜ್ಜಿ ಮರ ಒತ್ತಿದರೆ, ಬಿಳಿ ಹತ್ತಿದ ಕಡೆಯೇ ಉಬ್ಬು. ಅಲ್ಲಿ ಮಾತ್ರ ಕೀಸುಳಿ ಆಡಿಸಿ. ಬಾಗಿಲು ಹಾಕಿ ತೆಗೆದು ನೋಡಿ, ಸಂದು ಒಂದೇ ಸಮ ಇದೆಯೇ ಅಂತ. ಗೋಡೆ ಮೇಲಿನ ಕರ್ಣದ ಅಳತೆಗೆ ತಾಳೆ ಹಾಕಿ. ಪೇಂಟಿಗೂ ಬಟ್ಟೆಗೂ ಒಂದೆರಡು ಮಿಲಿಮೀಟರ್ ಜಾಗ ಬಿಟ್ಟಿರಬೇಕು.

ಒಪ್ಪಿಗೆಯಾದ ಮೇಲೆ ಮತ್ತೆ ಬಿಚ್ಚಿ. ತಗಡಿನ ತುಕ್ಕು ಕೆರೆದು ಪ್ರೈಮರ್ ಹೊಡೆಯಿರಿ. ಮರಕ್ಕೆ ಗೆದ್ದಲಿನ ಔಷಧಿ, ಆಮೇಲೆ ಬಣ್ಣ, ನಾಲ್ಕೂ ಬದಿಗೆ. ನೀರು ಹೆಚ್ಚು ಹೀರುವುದು ಕತ್ತರಿಸಿದ ತುದಿಗಳು, ಅವಕ್ಕೆ ಎರಡು ಕೈ ಹೆಚ್ಚಿಗೆ. ಅಂಟು ಬೀಳುವ ಜಾಗಕ್ಕೆ ಮಾತ್ರ ಔಷಧಿಯೂ ಬೇಡ, ಬಣ್ಣವೂ ಬೇಡ.

ಮರಕ್ಕೆ ಮರ ಕೂಡುವಲ್ಲಿ ಎಪಾಕ್ಸಿ ಮತ್ತು ಸ್ಕ್ರೂ ಎರಡೂ ಇರಲಿ. ತೂತು ಕೊರೆದು, ಸ್ಕ್ರೂಗೆ ಸಾಬೂನು ಸವರಿ ತಿರುಗಿಸಿ. ತಗಡಿಗೆ ಮಾತ್ರ ಮರವನ್ನು ಅಂಟಿಸಬೇಡಿ. ನಡುವೆ ತೆಳು ಫೆಲ್ಟ್ (ಒತ್ತಿ ಮಾಡಿದ ಮೆತ್ತನೆ ಬಟ್ಟೆ) ಕೊಟ್ಟು ಸ್ಕ್ರೂ ಹಾಕಿ. ಇಲ್ಲದಿದ್ದರೆ ಪ್ರತಿ ಗುಂಡಿಗೂ ಕಾರು ಕಿರ್ರ್ ಅನ್ನುತ್ತದೆ, ಮುಂಬೈಯಲ್ಲಿ ಗುಂಡಿಗಳಿಗೇನು ಬರ.

ಪಟ್ಟಿಗಳನ್ನು ಹೊಡೆಯುವ ಮೊದಲು ಒಳಗಿನ ದೀಪದ ವೈರು ಎಳೆದಿಡಿ. ಇದನ್ನು ಮರೆತವರ ಕಥೆ ತುಂಬಾ ಕೇಳಿದ್ದೇನೆ. ಆಮೇಲೆ ತಂತಿಬಲೆ, ಹತ್ತಿ, ತೆಳು ಕಾಟನ್, ಮೇಲೆ ನೀರಿಳಿಯದ ಬಟ್ಟೆ. ಬಟ್ಟೆಯನ್ನು ಅರ್ಧ ಗಂಟೆ ಬಿಸಿಲಿಗೆ ಹಾಕಿದರೆ ಮೆತ್ತಗಾಗುತ್ತದೆ. ಮೊದಲು ಹಿಂದೆ ಮುಂದೆ ಎಳೆದು ನಡುವಿಗೆ ಮೊಳೆ, ಆಮೇಲೆ ಬದಿಗಳಿಗೆ, ಮೂಲೆಗಳು ಕೊನೆಗೆ. ಮೊಳೆ ಸಾಲಿನ ಮೇಲೆ ಸೀಲಂಟ್, ಅದರ ಮೇಲೆ ಅಂಚಿನ ಪಟ್ಟಿ.

ಸೀಲಂಟ್ ಒಣಗಿದ ಮೇಲೆ ಸೀಟು, ನೆಲ ಎಲ್ಲ ಕಡೆ ಹಳೆ ಪೇಪರು ಹಾಸಿ, ಮಾಡಿನ ಮೇಲೆ ಪೈಪಿನಿಂದ ಮೆಲ್ಲಗೆ ಕಾಲು ಗಂಟೆ ನೀರು ಬಿಡಿ. ನೀರು ಇಳಿದ ಜಾಗವನ್ನು ಪೇಪರೇ ತೋರಿಸುತ್ತದೆ. ನಮಗೆ ಡ್ರೈವರ್ ಬದಿಯ ಮುಂದಿನ ಮೂಲೆಯಲ್ಲಿ ಎರಡು ಕಲೆ ಬಂತು, ಹತ್ತು ರೂಪಾಯಿ ನಾಣ್ಯದಷ್ಟು. ಒಂದು ಮೊಳೆಯ ತೂತಿಗೆ ಸೀಲಂಟ್ ಬಿದ್ದಿರಲಿಲ್ಲ. ಪಟ್ಟಿ ಬಿಚ್ಚಿ ಹಚ್ಚಿ, ಮರುದಿನ ಮತ್ತೆ ನೀರು ಬಿಟ್ಟೆವು. ಮಾವ ಆ ಕಾಲು ಗಂಟೆ ಕಾರಿನ ಒಳಗೇ ಕೂತು, ಸೀಟಿನ ಮೇಲೆ ಹಾಸಿದ ಪೇಪರನ್ನೇ ಎತ್ತಿಕೊಂಡು ಓದುತ್ತಿದ್ದರು.