ತೋಟದಲ್ಲಿ ಮೂರು ರಾತ್ರಿ, ಕರೆಂಟ್ ಇಲ್ಲದೆ ಸಿಪ್ಯಾಪ್ ಓಡಿಸಿದ್ದು: ನನ್ನ ಅನುಭವ

"ಏನ್ಲಾ, ಐಸಿಯುನೇ ಕಾರಲ್ಲಿ ತುಂಬ್ಕೊಂಡ್ ಬಂದಿದ್ದೀಯ?" ಮೊದಲ ಸಲ ನನ್ನ ಸಿಪ್ಯಾಪ್ (ನಿದ್ದೆಯಲ್ಲಿ ಉಸಿರು ಕಟ್ಟದ ಹಾಗೆ ಮಾಸ್ಕ್ ಮೂಲಕ ಒತ್ತಡದ ಗಾಳಿ ಊದೋ ಮೆಷಿನ್) ಸಾಮಾನು ಇಳಿಸುವಾಗ ಗೆಳೆಯರು ಹೀಗೆ ಆಡಿಕೊಂಡಿದ್ದರು. ಮೊನ್ನೆ ಅದೇ ತೋಟದಲ್ಲಿ, ಮಳವಳ್ಳಿ ಕಡೆ ಕಾವೇರಿ ದಡದಲ್ಲಿ, ಟೆಂಟ್ ಹಾಕಿ ಸಾಲಾಗಿ ಮೂರು ರಾತ್ರಿ ಮಾಸ್ಕ್ ಹಾಕಿಕೊಂಡೇ ಮಲಗಿದೆ. ಒಂದು ಸಲವೂ ಮೆಷಿನ್ ನಿಲ್ಲಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಪಂಪ್‌ಸೆಟ್ ಲೈನ್ ಇರುತ್ತಲ್ಲ ಅನ್ನಬೇಡಿ. ತ್ರೀ ಫೇಸ್ ಬರೋದೇ ಪಾಳಿ ಮೇಲೆ, ಮೋಟಾರ್ ಮನೆ ನಾವು ಮಲಗೋ ಜಾಗದಿಂದ ದೂರ. ಇದೇ ನದಿಯ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಗಿತ್ತು, ನನಗೆ ಮಾತ್ರ ಒಂದು ಪ್ಲಗ್ ಇಲ್ಲ!

ಮೊದಲು ಮಾಡಿದ ದಡ್ಡತನ ಕಾರಿನ ಬ್ಯಾಟರಿ. ಸಣ್ಣ ಇನ್ವರ್ಟರ್ ಸಿಗಿಸಿ, ಗಾಳಿಗೆ ತೇವ ಕೊಡೋ ನೀರಿನ ಡಬ್ಬಿಯ ಬಿಸಿಯನ್ನೂ ಆನ್ ಇಟ್ಟು ಮಲಗಿದೆ. ಬೆಳಗಿನ ಜಾವ ಇನ್ವರ್ಟರ್ ಕುಯ್ಯೋ ಅಂತ ಕೂಗಿ ಎಲ್ಲರನ್ನೂ ಎಬ್ಬಿಸಿತು. ಬೆಳಗ್ಗೆ ಕಾರು ಸ್ಟಾರ್ಟ್ ಆಗಲಿಲ್ಲ, ಪಕ್ಕದ ಹೊಲದವರ ಟ್ರ್ಯಾಕ್ಟರ್ ಬ್ಯಾಟರಿಯಿಂದ ಜಂಪ್ ಕೊಡಿಸಿಕೊಂಡು ಮಂಡ್ಯಕ್ಕೆ ವಾಪಸ್. ಅವತ್ತಿನ ಮರ್ಯಾದೆ ಬೇಡ.

ಆಮೇಲೆ ಹಳೇ ಯುಪಿಎಸ್‌ನ 7 ಎಎಚ್ (ಆಂಪ್ ಅವರ್, ಅಂದರೆ ಬ್ಯಾಟರಿಯ ಸಾಮರ್ಥ್ಯ) ಬ್ಯಾಟರಿ. ಹನ್ನೊಂದಕ್ಕೆ ಮಲಗಿದರೆ ಒಂದು ಗಂಟೆಗೆಲ್ಲ ಖಾಲಿ. ಮಾಸ್ಕ್ ಹಾಕಿಕೊಂಡಿರುವಾಗ ಗಾಳಿ ನಿಂತರೆ ಹೇಗಿರುತ್ತೆ ಅಂತ ನಿಮಗೆ ಗೊತ್ತಲ್ವಾ, ಮುಖದ ಮೇಲೆ ಯಾರೋ ದಿಂಬು ಒತ್ತಿದ ಹಾಗೆ ಎದ್ದು ಕೂತೆ. ಮೂರನೇದು ಮನೆಯ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿ. ಐವತ್ತು ಕೆಜಿ ಮೇಲೇ ಇದೆ, ಇಬ್ಬರು ಹೊರಬೇಕು, ದಾರಿಯ ರೋಡ್ ಹಂಪ್ ಕುಲುಕಿಗೆ ಆ್ಯಸಿಡ್ ಚೆಲ್ಲಿ ಡಿಕ್ಕಿಯ ಮ್ಯಾಟ್ ತೂತು ಬಿತ್ತು. "ಸುಮ್ನೆ ಮನೇಲಿ ಮಲಗೋಕೆ ಏನಾಗಿದೆ ನಿಮಗೆ?" ಅಂದಳು ನನ್ನ ಹೆಂಡತಿ. ಅಷ್ಟು ಹೊತ್ತಿಗೆ ಆರೇಳು ಸಾವಿರ ನೀರಿಗೆ ಹೋಗಿತ್ತು. ಅಂಗಡಿಯಲ್ಲಿ ಸಿಗೋ ರೆಡಿ ಪವರ್ ಸ್ಟೇಷನ್ (ಹೊತ್ತೊಯ್ಯಬಹುದಾದ ದೊಡ್ಡ ಬ್ಯಾಟರಿ ಡಬ್ಬಿ) ವಿಚಾರಿಸಿದರೆ ಮೂವತ್ತೈದು ಸಾವಿರದ ಮೇಲೆ ಹೇಳಿದರು, ಬಿಟ್ಟೆ.

ದಾರಿ ಸಿಕ್ಕಿದ್ದು ಎಷ್ಟು ಕರೆಂಟ್ ಖರ್ಚಾಗುತ್ತೆ ಅಂತ ತೋರಿಸೋ ವ್ಯಾಟ್ ಮೀಟರ್ ತಂದಮೇಲೆ. ಮೊದಲೇ ತರಬೇಕಿತ್ತು. ಬಿಸಿ ನೀರು, ಬಿಸಿ ಪೈಪು ಎರಡೂ ಆನ್ ಇದ್ದರೆ ರಾತ್ರಿಗೆ ಸುಮಾರು 280 ವ್ಯಾಟ್ ಅವರ್ (ಸಾವಿರ ಸೇರಿದರೆ ಒಂದು ಯೂನಿಟ್), ಎರಡೂ ಆಫ್ ಮಾಡಿದರೆ 70ರ ಆಸುಪಾಸು. ಅಂದರೆ ಗಾಳಿ ಊದೋದಕ್ಕೆ ಹೋಗೋದು ಚೂರೇ ಚೂರು, ಮಿಕ್ಕಿದ್ದೆಲ್ಲ ನೀರು ಕಾಯಿಸೋಕೆ! ಒತ್ತಡದ ಸೆಟ್ಟಿಂಗ್ ಮಾತ್ರ ನಾನು ಮುಟ್ಟಿಲ್ಲ, ಅದು ಡಾಕ್ಟರ್ ಇಟ್ಟಿದ್ದು. ಬಿಸಿ ಇಲ್ಲದೆ ಮೂಗು ಒಣಗದ ಹಾಗೆ ಏನು ಮಾಡುತ್ತೇನೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಇನ್ವರ್ಟರನ್ನೂ ಕಿತ್ತು ಹಾಕಿದೆ. 12 ವೋಲ್ಟನ್ನು 230ಕ್ಕೆ ಏರಿಸಿ, ಅಡಾಪ್ಟರ್ ಮತ್ತೆ 24ಕ್ಕೆ ಇಳಿಸೋದು ಯಾವ ನ್ಯಾಯ? ನಾಲ್ಕು ಲಿಥಿಯಂ ಐರನ್ ಫಾಸ್ಫೇಟ್ ಸೆಲ್, 30 ಎಎಚ್, ಸೆಲ್‌ಗಳನ್ನು ಕಾಯೋ ಒಂದು ಬಿಎಂಎಸ್ ಬೋರ್ಡ್, ಬ್ಯಾಟರಿ ಪ್ಲಸ್ ಪಕ್ಕದಲ್ಲೇ 10 ಆಂಪ್ ಫ್ಯೂಸ್, ಆಮೇಲೆ 12 ವೋಲ್ಟನ್ನು ನೇರ 24ಕ್ಕೆ ಏರಿಸೋ ಬೂಸ್ಟ್ ಕನ್ವರ್ಟರ್. ಎಲ್ಲ ಒಂದು ಸ್ಟೀಲ್ ಟಿಫನ್ ಬಾಕ್ಸ್ ಒಳಗೆ ಇಟ್ಟಿದ್ದೆ, ಮೊದಲ ದಿನವೇ ಒಂದು ವೈರ್ ಸುಲಿದು ಬಾಕ್ಸಿಗೆ ತಾಗಿ ಫ್ಯೂಸ್ ಹಾರಿತು. ಈಗ ಪ್ಲಾಸ್ಟಿಕ್ ಡಬ್ಬಿ. ಎಲ್ಲ ಸೇರಿ ಎಂಟು ಸಾವಿರ ಆಗಿರಬೇಕು. ಕನ್ವರ್ಟರಿನ ಸ್ಕ್ರೂ ತಿರುಗಿಸಿ 24 ಬಂತಾ ಅಂತ ಮೀಟರಲ್ಲಿ ನೋಡಿ, ಅದರ ಮೇಲೆ ಒಂದು ಹನಿ ಉಗುರು ಬಣ್ಣ ಹಾಕಿಬಿಡಿ, ಕಾರು ಅಲುಗಾಡಿದರೂ ತಿರುಗಲ್ಲ. ನನ್ನ ಮೆಷಿನ್ ಪ್ಲಗ್‌ನ ಮಧ್ಯದ ತೆಳು ಪಿನ್ನಿಗೆ ಸಿಗ್ನಲ್ ಇಲ್ಲದಿದ್ದರೆ ಅದು ಎದ್ದೇಳೋದೇ ಇಲ್ಲ, ಅದಕ್ಕೇ ಹದಿನೈದು ದಿನ ಒದ್ದಾಡಿದೆ. ಆ ಕನೆಕ್ಷನ್ ಇಲ್ಲಿ ಬರೆಯಲ್ಲ. ತಪ್ಪಾದರೆ ಲಕ್ಷದ ಹತ್ತಿರದ ಮೆಷಿನ್ ಸುಟ್ಟರೆ ನನ್ನನ್ನೇ ಬೈಯುತ್ತೀರಿ.

ಮೂರು ರಾತ್ರಿ ಆದಮೇಲೆ ಮೀಟರ್ ತೋರಿಸಿದ್ದು 240 ಚಿಲ್ಲರೆ ವ್ಯಾಟ್ ಅವರ್. ಡಬ್ಬಿಯಲ್ಲಿ ಇರೋದು 384, ಇನ್ನೊಂದು ರಾತ್ರಿ ಆರಾಮಾಗಿ ಬರುತ್ತಿತ್ತು.

ಮಧ್ಯೆ 100 ವ್ಯಾಟ್ ಸೋಲಾರ್ ಪ್ಯಾನೆಲ್ ಕೂಡ ತಂದು ನೋಡಿದೆ. ತೆಂಗಿನ ತೋಟದಲ್ಲಿ ಅದು ದಂಡ. ಒಂದು ಗರಿಯ ನೆರಳು ಅಡ್ಡ ಬಿದ್ದರೆ ಸಾಕು, 70 ವ್ಯಾಟ್ ತೋರಿಸುತ್ತಿದ್ದ ಮೀಟರ್ 15ಕ್ಕೆ ಬೀಳುತ್ತೆ, ಗಂಟೆಗೊಂದು ಸಲ ಎದ್ದು ಜಾಗ ಬದಲಾಯಿಸಬೇಕು. ಮರಳ ದಿಬ್ಬದ ಮೇಲೆ ಇಟ್ಟ ದಿನ ಚೆನ್ನಾಗಿ ಕೊಟ್ಟಿತು. ಆದರೆ ಅದನ್ನು ಕಾಯೋಕೆ ಒಬ್ಬ ಬೇಕು, ಮೇಕೆಗಳು ಬರುತ್ತವೆ.

ಆಡಿಕೊಂಡ ಗೆಳೆಯರಲ್ಲೇ ಒಬ್ಬ ಈಗ ಅವರಪ್ಪನ ಆಕ್ಸಿಜನ್ ಕಾನ್ಸಂಟ್ರೇಟರಿಗೂ (ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಕೊಡೋ ಮೆಷಿನ್) ಇಂಥದ್ದೊಂದು ಮಾಡಿಕೊಡು ಅಂತ ಗಂಟುಬಿದ್ದಿದ್ದಾನೆ. ಆಗಲ್ಲ ಅಂದೆ. ನಿಮಿಷಕ್ಕೆ ಐದು ಲೀಟರ್ ಕೊಡೋದು 300 ವ್ಯಾಟ್ ಮೇಲೆ ಎಳೆಯುತ್ತೆ, ನನ್ನ ಡಬ್ಬಿ ಒಂದು ಗಂಟೆಗೆ ಮುಗಿಯುತ್ತೆ. ಅವರಿಗೆ ಸಿಲಿಂಡರೇ ಸರಿ. ನನ್ನ ಡಬ್ಬಿಯಿಂದ ಮೊಬೈಲ್ ಚಾರ್ಜ್ ಮಾಡ್ಕೋ ಬೇಕಾದರೆ, ಅದೂ ಹಗಲು ಹೊತ್ತು ಮಾತ್ರ.